ಒಂಬತ್ತು ಡಬ್ಬಿಗಳನ್ನು ಉಳಿಸಿದವಳು ನಾನಲ್ಲ

ನಾನು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಕಳ್ಳ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವಳು. ಅಷ್ಟೇ ಆಗಿದ್ದರೆ ಈ ಬರಹ ಇಷ್ಟು ಉದ್ದ ಬೇಕಿರಲಿಲ್ಲ. ಯಾವ ಕೆಲಸಕ್ಕಾಗಿ ಅವರನ್ನು ಕಳ್ಳ ಎಂದರೋ, ಹತ್ತು ವರ್ಷ ಕಳೆದ ಮೇಲೆ ಅದೇ ಕೆಲಸವನ್ನು ನಾನು ಮಾಡಿದ್ದೆಂದು ಹೇಳಿಕೊಂಡು ಹೊಗಳಿಸಿಕೊಂಡೆ. ಶಾಲು ಹೊದೆಸಿಕೊಂಡೆ. ಫೋಟೋಗೆ ನಿಂತು ನಕ್ಕೆ.

ದುಬೈಯ ಕನ್ನಡಿಗರಲ್ಲಿ ಕೆಲವರು ಆ ಫೋಟೋ ನೋಡಿರುತ್ತೀರಿ. ‘ಕಳೆದುಹೋಗಿದ್ದ ಬ್ರಿಟಿಷ್ ಟಿ.ವಿ. ಧಾರಾವಾಹಿಯನ್ನು ಕಾಪಾಡಿದ ಮೈಸೂರಿನ ಮಹಿಳೆ’ — ಅಂತ ಇತ್ತಲ್ಲ, ರೇಷ್ಮೆ ಸೀರೆ ಉಟ್ಟು, ಕೈಯಲ್ಲೊಂದು ತುಕ್ಕು ಹಿಡಿದ ಡಬ್ಬಿ ಹಿಡಿದುಕೊಂಡು — ಅವಳೇ ನಾನು. ಅದು ಸುಳ್ಳು. ಕಾಪಾಡಿದವರ ಹೆಸರು ಅಬ್ಬಾಸ್. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಂ. ಅವರ ಬಗ್ಗೆ ಈಗ ಹೇಳುತ್ತೇನೆ, ಮತ್ತು ಈ ಸಲ ಯಾವ ಸಾಲನ್ನೂ ಹಾರಿಸುವುದಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ದುಬೈಗೆ ಬಂದು ಒಂದು ಕಂಪನಿಯಲ್ಲಿ ಸೆಕ್ರೆಟರಿಯಾಗಿ ಸೇರಿದೆ. ಗಲ್ಫಿನ ಟಿ.ವಿ. ಕೇಂದ್ರಗಳಿಗೆ ಇಂಗ್ಲಿಷ್ ಕಾರ್ಯಕ್ರಮ ಒದಗಿಸುವ ಕಂಪನಿ ಅದು. ಎಪ್ಪತ್ತರ ದಶಕದ ಆರಂಭದ ಅಮೆರಿಕನ್, ಬ್ರಿಟಿಷ್ ಧಾರಾವಾಹಿಗಳೆಲ್ಲ ಆಗ ಫಿಲ್ಮ್ ಸುರುಳಿಗಳಲ್ಲಿ ಬರುತ್ತಿದ್ದವಂತೆ. ಒಂದೊಂದು ಭಾಗಕ್ಕೆ ಒಂದೊಂದು ತಗಡಿನ ಡಬ್ಬಿ. ಅಬುಧಾಬಿಯಲ್ಲಿ ತೋರಿಸಿ, ದುಬೈಯಲ್ಲಿ ತೋರಿಸಿ, ಮತ್ತೆ ನಮ್ಮ ಗೋಡೌನಿಗೆ ವಾಪಸು. ನಾನು ಸೇರುವ ಹೊತ್ತಿಗೆ ಎಲ್ಲ ವಿಡಿಯೋ ಕ್ಯಾಸೆಟ್ಟಿಗೆ ಬದಲಾಗಿ, ಆ ಡಬ್ಬಿಗಳನ್ನು ಕೇಳುವವರಿರಲಿಲ್ಲ. ಅಲ್ ಕೂಜ್‌ನ ಗೋಡೌನಿನಲ್ಲಿ ನೆಲದಿಂದ ಸೂರಿನವರೆಗೆ ಅವು ನಿಂತಿದ್ದವು. ಆ ಗೋಡೌನಿನ ಮೂಲೆಯಲ್ಲೊಂದು ತಗಡಿನ ಗೋಡೆ ಹಾಕಿ ನಮ್ಮ ಆಫೀಸು.

ಡಬ್ಬಿಗಳ ಯಜಮಾನಿಕೆ ಅಬ್ಬಾಸ್ ಭಾಯ್ ಅವರದು. ಎಂಟನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಬಿಳಿ ಹತ್ತಿಯ ಕೈಗವಸು. ಫಿಲ್ಮನ್ನು ಬರಿಗೈಯಲ್ಲಿ ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ. ಮೇಜಿನ ಮೇಲೆ ಎರಡು ಗಾಲಿ, ಒಂದು ದೀಪ. ಈ ಗಾಲಿಯಿಂದ ಆ ಗಾಲಿಗೆ ನಿಧಾನವಾಗಿ ಸುತ್ತುತ್ತ, ಹರಿದಲ್ಲಿ ಅಂಟಿಸುತ್ತ, ಗೀರು ಬಿದ್ದಲ್ಲಿ ಬರೆದಿಡುತ್ತ ಕೂರುವರು. ಬೇಡಿಕೆಯೇ ಇಲ್ಲದ ಫಿಲ್ಮನ್ನು ಯಾಕೆ ಒರೆಸುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ.

“ಎಂತ ಮೇಡಂ, ಮನೆಯಲ್ಲಿ ನೆಂಟರು ಬಾರದಿದ್ರೆ ಗುಡಿಸುವುದು ಬಿಡ್ತೀರಾ?” ಎಂದರು.

ಅವರ ಬಳಿ ಒಂದು ದಪ್ಪ ರಿಜಿಸ್ಟರ್ ಇತ್ತು. ಎಲ್ಲವೂ ಕನ್ನಡದಲ್ಲಿ. ಧಾರಾವಾಹಿಗಳಿಗೆ ಅವರೇ ಇಟ್ಟ ಹೆಸರುಗಳು — ‘ಕಾರು ಗುದ್ದುವ ಪೊಲೀಸ್’, ‘ಕುದುರೆ ಡಾಕ್ಟ್ರು’, ‘ನಗಾಡುವ ಸಂಸಾರ’. ಈ ಕೊನೆಯದು ಒಂದು ಅಮೆರಿಕನ್ ಹಾಸ್ಯ ಧಾರಾವಾಹಿ. ಮಾತಿಗೊಮ್ಮೆ ಕಾಣದ ಜನರೆಲ್ಲ ಗೊಳ್ಳೆಂದು ನಗುತ್ತಾರೆ. ಅಬ್ಬಾಸ್ ಭಾಯ್‌ಗೆ ಅದು ಹಿಡಿಸುತ್ತಿರಲಿಲ್ಲ. “ನಮಗೆ ಯಾವಾಗ ನಗಬೇಕು ಅಂತ ಇವರು ಹೇಳುವುದಾ?” ಎನ್ನುವರು. ಪ್ರಸಾರಕ್ಕೆ ಮುಂಚೆ ಕತ್ತರಿಸಬೇಕಾಗಿದ್ದ ದೃಶ್ಯಗಳ ತುಂಡುಗಳನ್ನೂ ಅವರು ಎಸೆದಿರಲಿಲ್ಲ. ಒಂದೊಂದನ್ನೂ ಲಕೋಟೆಯಲ್ಲಿಟ್ಟು, ‘ಏಳನೇ ಭಾಗ. ಮುತ್ತು. ನಾಲ್ಕು ಸೆಕೆಂಡು’ ಎಂದು ಬರೆದು, ಅದೇ ಡಬ್ಬಿಯೊಳಗೆ ಇಟ್ಟಿದ್ದರು.

ಅವರಿಗೆ ಜೀವವಾಗಿದ್ದದ್ದು ಒಂದೇ ಒಂದು ಧಾರಾವಾಹಿ. ಇಂಗ್ಲೆಂಡಿನ ಸಮುದ್ರದಂಡೆಯ ಯಾವುದೋ ಸಣ್ಣ ಊರಿನ ಪೋಸ್ಟಾಫೀಸು, ಅದನ್ನು ನಡೆಸುವ ಮದುವೆಯಾಗದ ಅಕ್ಕ, ಗಂಡ ಸತ್ತ ತಂಗಿ. ಒಂಬತ್ತೇ ಭಾಗ. ದೊಡ್ಡ ಘಟನೆ ಯಾವುದೂ ಇಲ್ಲ. ಯಾರದೋ ಮಗ ಸಮುದ್ರಕ್ಕೆ ಹೋದವನು ಕಾಗದ ಬರೆಯುವುದಿಲ್ಲ, ಅವನ ತಾಯಿ ದಿನಾ ಬಂದು ಕೇಳುತ್ತಾಳೆ — ಇಂಥವು. ರಿಜಿಸ್ಟರಿನಲ್ಲಿ ಅದಕ್ಕೆ ‘ಪೋಸ್ಟಾಫೀಸಿನ ಅಕ್ಕತಂಗಿ’ ಎಂದು ಹೆಸರು.

ತೊಂಬತ್ತರ ದಶಕದ ಮಧ್ಯದಲ್ಲಿ ಲಂಡನ್ನಿನ ಮಾಲೀಕರಿಂದ ಆದೇಶ ಬಂತು. ಒಪ್ಪಂದ ಮುಗಿದಿದೆ, ಫಿಲ್ಮ್‌ಗಳನ್ನೆಲ್ಲ ನಾಶಮಾಡಿ, ಪ್ರತಿ ಡಬ್ಬಿಯ ಮೇಲಿನ ಚೀಟಿ ಕಿತ್ತು ಪುರಾವೆಗೆ ಕಳಿಸಿ. ಫ್ಯಾಕ್ಸನ್ನು ಅಬ್ಬಾಸ್ ಭಾಯ್‌ಗೆ ಓದಿ ಹೇಳಿದವಳು ನಾನೇ. ಅದರ ಕೊನೆಗೆ ಪೋಸ್ಟಾಫೀಸಿನ ಧಾರಾವಾಹಿಯ ಹೆಸರು ಹೇಳಿ, ಇದರ ಪ್ರತಿ ನಮ್ಮಲ್ಲೂ ಇಲ್ಲ, ಬೇಕಾಗಿಯೂ ಇಲ್ಲ ಎಂದಿತ್ತು.

ಅಬ್ಬಾಸ್ ಭಾಯ್ ಕೈಗವಸು ತೆಗೆದರು. “ಅವರಲ್ಲಿಯೂ ಇಲ್ವಾ? ಹಾಗಾದ್ರೆ ನಾನು ಕತ್ತರಿಸಿದ್ರೆ ಖಲಾಸ್ ಅಲ್ವಾ ಮೇಡಂ? ಲೋಕದಲ್ಲೇ ಇಲ್ಲ.”

ಆರು ದಿನ ಅವರು ಕತ್ತರಿಸಿದರು. ತಾವೇ ಇಪ್ಪತ್ತು ವರ್ಷ ಒರೆಸಿ ಇಟ್ಟಿದ್ದನ್ನು ತಾವೇ. ಕಾರು ಗುದ್ದುವ ಪೊಲೀಸನ್ನೂ ಕುದುರೆ ಡಾಕ್ಟರನ್ನೂ ಇಷ್ಟವಿಲ್ಲದ ಆ ನಗಾಡುವ ಸಂಸಾರವನ್ನೂ. ಗೋಡೌನಿನಲ್ಲಿ ಹಳೆಯ ಫಿಲ್ಮಿನ ಹುಳಿ ವಾಸನೆ ತುಂಬಿ ಕಣ್ಣುರಿಯುತ್ತಿತ್ತು. ಏಳನೆಯ ದಿನ ಬೆಳಿಗ್ಗೆ ಆ ಒಂಬತ್ತು ಡಬ್ಬಿಗಳನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು. ನಮ್ಮ ಮ್ಯಾನೇಜರ್ ಬಂದ. ಡೆರೆಕ್ ಎಂದು, ಇಂಗ್ಲೆಂಡಿನವನು, ದುಬೈಯಲ್ಲಿ ಹಳಬ. ಏನು ಕಾಯ್ತಿದ್ದೀಯಾ ಎಂದು ಕೇಳಿದ. ಇದೊಂದು ಬಿಡಿ ಸರ್ ಎಂದು ಅಬ್ಬಾಸ್ ಭಾಯ್ ತಮ್ಮ ಇಂಗ್ಲಿಷಿನಲ್ಲಿ ಕೇಳಿಕೊಂಡರು. ಡೆರೆಕ್ ಕೈ ಬೀಸಿ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರಶಃ ಗೊತ್ತು. ‘ಬೇಕಿದ್ದರೆ ನೀನೇ ಮನೆಗೆ ಒಯ್ಯಿ. ನನ್ನ ಕಣ್ಣೆದುರು ಇರಬಾರದು. ಯಲ್ಲಾ, ಬೇಗ.’

ಅವನು ಆಡಿದಾಗ ನಾನು ಮೂರು ಮಾರು ದೂರದಲ್ಲಿ ನನ್ನ ಕುರ್ಚಿಯಲ್ಲಿದ್ದೆ. ಟೈಪ್ ಮಾಡುತ್ತಿರಲಿಲ್ಲ. ಚೆನ್ನಾಗಿ ಕೇಳಿಸಿತು.

ಮೂರು ತಿಂಗಳಿಗೆ ಲಂಡನ್ನಿನಿಂದ ಇನ್ನೊಂದು ಫ್ಯಾಕ್ಸ್. ಒಂಬತ್ತು ಚೀಟಿ ಕಡಿಮೆ ಬಂದಿವೆ, ಎಲ್ಲವನ್ನೂ ನಾಶಮಾಡಿದ್ದೇವೆಂದು ಸಹಿ ಹಾಕಿದ್ದೀರಲ್ಲ, ವಿವರಣೆ ಕೊಡಿ. ಸಹಿ ಡೆರೆಕ್‌ನದು. ಅವನು ತನ್ನ ಕೋಣೆಗೆ ನನ್ನನ್ನು ಕರೆದು ಟೈಪ್ ಮಾಡಲು ಹೇಳಿದ. ‘ಆಡಳಿತದ ಗಮನಕ್ಕೆ ತಾರದೆ, ಅನುಮತಿ ಇಲ್ಲದೆ, ನೌಕರ ಅಬ್ಬಾಸ್ ಒಂಬತ್ತು ಡಬ್ಬಿಗಳನ್ನು ಕದ್ದು ಸಾಗಿಸಿದ್ದಾನೆ…’ ‘ಅನುಮತಿ ಇಲ್ಲದೆ’ ಎಂಬಲ್ಲಿ ನನ್ನ ಬೆರಳು ನಿಂತವು. ತಲೆಯೆತ್ತಿ ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಲೇ ಹೇಳಿದ —

‘ನಿರ್ಮಲಾ, ನಿನಗೆ ಇಲ್ಲಿ ಸಂಸಾರ ಇದೆ. ಅವನಿಗಿರುವುದು ಒಂದು ಮಂಚ.’

ಆಗ ನನ್ನ ಗಂಡನ ಕಂಪನಿ ಮುಚ್ಚುವ ಹಾಗಿತ್ತು, ಮಗಳು ಮೇಘನಾಗೆ ನಾಲ್ಕು ವರ್ಷ… ಬೇಡ. ಇದನ್ನೆಲ್ಲ ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಅವರಿಗೂ ಬಂಟ್ವಾಳದಲ್ಲಿ ಹೆಂಡತಿ ಮಕ್ಕಳಿದ್ದರು, ಇಲ್ಲಿಗೆ ಕರೆಸಿಕೊಳ್ಳುವಷ್ಟು ಸಂಬಳ ಕಂಪನಿ ಕೊಡುತ್ತಿರಲಿಲ್ಲ. ಒಬ್ಬನಿಗೆ ಮಂಚ ಮಾತ್ರ ಇರುವಂತೆ ಮಾಡಿಟ್ಟು, ಅವನಿಗಿರುವುದು ಮಂಚ ಮಾತ್ರ, ಅವನನ್ನು ಕಿತ್ತೆಸೆಯುವುದು ಸುಲಭ ಎನ್ನುವ ಆ ಮಾತಿಗೆ ನಾನು ಅಲ್ಲೇ ಎದ್ದು ನಿಲ್ಲಬೇಕಿತ್ತು. ನಾನು ‘ಅನುಮತಿ ಇಲ್ಲದೆ’ ಎಂದು ಟೈಪ್ ಮಾಡಿ ಮುಂದಿನ ಪದಕ್ಕೆ ಕಾದೆ.

ಅಬ್ಬಾಸ್ ಭಾಯ್‌ರನ್ನು ಕರೆಸಿದರು. ಡಬ್ಬಿ ಒಯ್ದಿದ್ದೀಯಾ? ಹೌದು ಸರ್, ನೀವೇ ಹೇಳಿದ್ದಲ್ವಾ? ಅವರ ದನಿಯಲ್ಲಿ ಅಳುಕೇ ಇರಲಿಲ್ಲ. ಇದೊಂದು ತಪ್ಪು ತಿಳಿವಳಿಕೆ, ಈಗ ಬಗೆಹರಿಯುತ್ತದೆ ಎಂಬ ಧೈರ್ಯ. ಡೆರೆಕ್ ನನ್ನ ಕಡೆ ತಿರುಗಿ, ‘ನಾನು ಹಾಗೆ ಹೇಳಿದ್ದು ಯಾರಾದರೂ ಕೇಳಿದ್ದಾರಾ?’ ಎಂದ.

“ನನಗೆ ನೆನಪಿಲ್ಲ” ಎಂದೆ.

ಇಂಗ್ಲಿಷಿನಲ್ಲಿ ಎಂದೆ. ಅಬ್ಬಾಸ್ ಭಾಯ್ ಕನ್ನಡದಲ್ಲಿ ಕೇಳಿದರು. “ಮೇಡಂ, ನೀವು ಅಲ್ಲೇ ಇದ್ರಲ್ಲ?”

ನಾನು ಉತ್ತರ ಕೊಡಲಿಲ್ಲ. ಕನ್ನಡದಲ್ಲಿ ಸುಳ್ಳು ಹೇಳಲು ಬಾಯಿ ಬರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಅದೂ ಸುಳ್ಳೇ. ಉತ್ತರ ಬೇಕಾಗಲಿಲ್ಲ, ಅಷ್ಟೆ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಟೈಪಾಗಿತ್ತು. ಸಹಿ ಹಾಕಿದೆ.

ಆವತ್ತೇ ಮಧ್ಯಾಹ್ನ ಕಂಪನಿಯ ವೀಸಾ ಕೆಲಸ ನೋಡುವವನು ಅವರನ್ನು ಹಳೆ ದುಬೈಯ ನೈಫ್ ಎಂಬ ಬಡಾವಣೆಯಲ್ಲಿದ್ದ ಅವರ ರೂಮಿಗೆ ಕರೆದುಕೊಂಡು ಹೋಗಿ, ಜೊತೆಗಿದ್ದ ಐದು ಜನರೆದುರು ಮಂಚದ ಕೆಳಗಿಂದ ಡಬ್ಬಿಗಳನ್ನು ಎಳೆಸಿದ. ವಾರದೊಳಗೆ ವೀಸಾ ರದ್ದು. ಮತ್ತೆ ಈ ದೇಶಕ್ಕೆ ಬರಬಾರದೆಂಬ ತಡೆ. ಕೊನೆಯ ದಿನ ಅವರು ಸಾಮಾನು ಬಿಟ್ಟುಕೊಡಲು ಆಫೀಸಿಗೆ ಬಂದರು. ಕೈಗವಸು, ಕತ್ತರಿ, ದೀಪ ಮೇಜಿನ ಮೇಲಿಟ್ಟರು. ರಿಜಿಸ್ಟರನ್ನು ಮಾತ್ರ ತಂದು ನನ್ನ ಮುಂದೆ ಇಟ್ಟರು.

“ಇದು ಆಫೀಸಿಂದು. ನಾಳೆ ಇದನ್ನೂ ಕದ್ದ ಅಂತ ಆಗುವುದು ಬೇಡ.”

ಆಫೀಸಿಗೆ ವಾಪಸು ಬಂದ ಡಬ್ಬಿಗಳ ಫಿಲ್ಮನ್ನು ಕತ್ತರಿಸಬೇಕಿತ್ತು. ಕತ್ತರಿಸುವವರೇ ಇರಲಿಲ್ಲ — ಆ ಕೆಲಸ ಗೊತ್ತಿದ್ದವರನ್ನು ಕಳಿಸಿಯಾಗಿತ್ತಲ್ಲ. ಡೆರೆಕ್ ತಾನೇ ಆ ಒಂಬತ್ತು ಚೀಟಿ ಕಿತ್ತು ಲಂಡನ್ನಿಗೆ ಕಳಿಸಿ, ನಾಶವಾಗಿದೆ ಎಂದು ಮತ್ತೊಮ್ಮೆ ಸಹಿ ಹಾಕಿದ. ಡಬ್ಬಿಗಳು ನನ್ನ ಬೀರುವಿನ ಕೆಳಗಿನ ಅರೆಗೆ ಬಂದವು. ಎರಡು ವರ್ಷಕ್ಕೆ ಆಫೀಸು ಜಾಗ ಬದಲಿಸಿತು. ಆ ಗಡಿಬಿಡಿಯಲ್ಲಿ ಡಬ್ಬಿಗಳನ್ನೂ ರಿಜಿಸ್ಟರನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಗಂಡನ ಕಾರಿನ ಡಿಕ್ಕಿಯಲ್ಲಿಟ್ಟು ನಾನು ಮನೆಗೆ ಒಯ್ದೆ. ಯಾರನ್ನೂ ಕೇಳಲಿಲ್ಲ. ಯಾರೂ ನನಗೆ ಒಯ್ಯಿ ಎಂದಿರಲಿಲ್ಲ.

ಅಂದರೆ ‘ಆಡಳಿತದ ಗಮನಕ್ಕೆ ತಾರದೆ, ಅನುಮತಿ ಇಲ್ಲದೆ’ ಆ ಡಬ್ಬಿಗಳನ್ನು ನಿಜವಾಗಿ ಕದ್ದವರು ಈ ಲೋಕದಲ್ಲಿ ಒಬ್ಬರೇ. ನಾನು. ನನ್ನ ವೀಸಾ ಯಾರೂ ರದ್ದು ಮಾಡಲಿಲ್ಲ.

ಯಾಕೆ ಒಯ್ದೆ? ಪಶ್ಚಾತ್ತಾಪವೇ? ಇರಬಹುದು. ಪಶ್ಚಾತ್ತಾಪವನ್ನು ಅಟ್ಟದ ಮೇಲೆ ಇಡುವುದು ಸುಲಭ. ಅಲ್ ನಹ್ದಾದ ಫ್ಲ್ಯಾಟಿಗೆ ಬಂದ ಮೇಲೂ ಆ ಪೆಟ್ಟಿಗೆ ಸ್ಟೋರ್ ರೂಮಿನಲ್ಲಿ, ಇಸ್ತ್ರಿ ಮೇಜಿನ ಕೆಳಗೆ ಇತ್ತು. ನಾನು ಒಮ್ಮೆಯೂ ತೆರೆಯಲಿಲ್ಲ. ಒಮ್ಮೆಯೂ ಬಂಟ್ವಾಳಕ್ಕೆ ಎರಡು ಸಾಲು ಬರೆಯಲಿಲ್ಲ.

ಮನೆಗೆ ಇಂಟರ್ನೆಟ್ ಬಂದು ಕೆಲವು ವರ್ಷಗಳಾದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಸುಮ್ಮನೆ ಕುತೂಹಲಕ್ಕೆ ಆ ಧಾರಾವಾಹಿಯ ಹೆಸರು ಹುಡುಕಿದೆ. ಸಿಕ್ಕೇಬಿಟ್ಟಿತು. ಹಳೆಯ ಟಿ.ವಿ. ಕಾರ್ಯಕ್ರಮಗಳ ಅಭಿಮಾನಿಗಳದೊಂದು ಪಟ್ಟಿ. ಅಳಿಸಿಹೋದ, ನಾಶವಾದ ಧಾರಾವಾಹಿಗಳು. ಅದರಲ್ಲಿ ಪೋಸ್ಟಾಫೀಸಿನ ಅಕ್ಕತಂಗಿಯರೂ ಇದ್ದರು. ಒಂದೇ ಒಂದು ಭಾಗವೂ ಜಗತ್ತಿನಲ್ಲೆಲ್ಲೂ ಉಳಿದಿಲ್ಲ, ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ ಎಂದು ಅಂಗಲಾಚಿದ್ದರು. ನಾಶಮಾಡಿ ಎಂದು ಫ್ಯಾಕ್ಸ್ ಕಳಿಸಿದವರ ದೇಶದವರೇ! ನನಗೆ ಸಿಟ್ಟು ಬಂತು. ಆದರೆ ಆ ಸಿಟ್ಟಿನ ಬೆನ್ನಿಗೇ ಇನ್ನೊಂದು ಬಂತು. ಅದಕ್ಕೆ ಆಸೆ ಎನ್ನುತ್ತಾರೆ. ನನ್ನಲ್ಲಿದೆ ಎಂದು ಬರೆದೆ.

ಮೂರು ವಾರಕ್ಕೆ ಆ ಅಭಿಮಾನಿಗಳ ಪೈಕಿ ಒಬ್ಬ ವಯಸ್ಸಾದ ಮನುಷ್ಯ ಲಂಡನ್ನಿನಿಂದ ವಿಮಾನ ಹತ್ತಿ ಬಂದ. ನಮ್ಮ ಹಾಲಿನಲ್ಲಿ ನೆಲದ ಮೇಲೆ ಕೂತು, ಡಬ್ಬಿ ತೆರೆದು, ಫಿಲ್ಮಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ ಅತ್ತುಬಿಟ್ಟ. ಲಕೋಟೆಗಳು ಸಿಕ್ಕಾಗಲಂತೂ ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದ. ಕತ್ತರಿಸಿದ ತುಂಡೂ ಉಳಿದಿದೆ! ನಾಲ್ಕು ಸೆಕೆಂಡಿನ ಮುತ್ತೂ! ಇಷ್ಟು ಶ್ರದ್ಧೆಯಿಂದ ಇವನ್ನೆಲ್ಲ ಕಾಪಾಡಿದ್ದು ಯಾರು ಎಂದು ಕೇಳಿದ.

ಈಗಲೂ ಆ ಕ್ಷಣದ ಬಗ್ಗೆ ಯೋಚಿಸಿದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಡೆರೆಕ್ ಎದುರಿಗಿರಲಿಲ್ಲ. ವೀಸಾದ ಭಯವಿರಲಿಲ್ಲ. ಗಂಡನಿಗೆ ಒಳ್ಳೆಯ ಕೆಲಸವಿತ್ತು. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು — ಮೂರಕ್ಷರದ ಹೆಸರು.

“ನಾನೇ” ಎಂದೆ.

ಈ ಟಿಪ್ಪಣಿಗಳು? ಅದೂ ನಾನೇ. ಅವನಿಗೆ ಕನ್ನಡ ಬರುವುದಿಲ್ಲ. ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತ ಹೋದೆ, ನಾನೇ ಬರೆದವಳ ಹಾಗೆ. ‘ಮೂರನೇ ಭಾಗ. ಎಂಟನೇ ನಿಮಿಷದಲ್ಲಿ ಗೀರು. ತಂಗಿ ಅಳುವಲ್ಲಿ ಶಬ್ದ ಹೋಗಿ ಬರುತ್ತದೆ. ಆದರೂ ಅಳು ಗೊತ್ತಾಗುತ್ತದೆ.’ ಅವನು ಬರೆದುಕೊಳ್ಳುತ್ತಿದ್ದ. ಎಂಥ ಸೂಕ್ಷ್ಮ ನಿಮ್ಮದು ಎಂದ. ನಾನು ತಲೆ ತಗ್ಗಿಸಿದೆ. ಅವನದನ್ನು ವಿನಯ ಎಂದುಕೊಂಡ. ಕೊನೆಯ ಪುಟದಲ್ಲಿ ನಾಲ್ಕು ಸಾಲು ಬೇರೆಯಾಗಿದ್ದವು. ಓದಿ, ಆ ಪುಟವನ್ನು ಅಂಗೈಯಿಂದ ಮುಚ್ಚಿದೆ. ಇದೇನು ಎಂದು ಕೇಳಿದ. ಅಂಟು, ಕತ್ತರಿ, ಸಾಮಾನಿನ ಪಟ್ಟಿ ಎಂದೆ.

ಆಮೇಲಿನದೆಲ್ಲ ಬಲು ಬೇಗ ನಡೆಯಿತು. ಇಲ್ಲಿನ ಪತ್ರಿಕೆಯಲ್ಲಿ ಫೋಟೋ. ಡಬ್ಬಿಗಳು ಲಂಡನ್ನಿಗೆ ಹೋದವು, ರಿಜಿಸ್ಟರ್ ನನ್ನಲ್ಲೇ ಉಳಿಯಿತು. ಊರಿನ ಪತ್ರಿಕೆಗಳಲ್ಲಿ ಸುದ್ದಿ. ಇಲ್ಲಿನದೊಂದು ಕನ್ನಡ ಸಂಘ ಸಭೆ ಕರೆದು ಶಾಲು, ಹಾರ, ಫಲತಾಂಬೂಲ ಕೊಟ್ಟಿತು. ಸ್ವಾಗತ ಭಾಷಣ ಮಾಡಿದವರು ನನ್ನನ್ನು ‘ಸಂಸ್ಕೃತಿಯ ಕಾವಲುಗಾರ್ತಿ’ ಎಂದರು. ಚಪ್ಪಾಳೆ ಬಿತ್ತು. ಸಭೆಯಲ್ಲಿ ಕರಾವಳಿಯ ಬ್ಯಾರಿ ವ್ಯಾಪಾರಿಗಳೂ ಕೂತಿದ್ದರು. ಅವರೂ ಚಪ್ಪಾಳೆ ತಟ್ಟಿದರು.

ಡೆರೆಕ್‌ನಿಂದಲೂ ಒಂದು ಇಮೇಲ್ ಬಂತು. ಇಂಗ್ಲೆಂಡಿನಲ್ಲಿ ನಿವೃತ್ತನಾಗಿದ್ದಾನೆ, ಗುಲಾಬಿ ಬೆಳೆಸುತ್ತಾನಂತೆ. ‘ಅಭಿನಂದನೆ. ಅವು ಅಮೂಲ್ಯವೆಂದು ನನಗೆ ಯಾವಾಗಲೂ ಗೊತ್ತಿತ್ತು’ ಎಂದು ಬರೆದಿದ್ದ. ಯಾವಾಗಲೂ ಗೊತ್ತಿತ್ತಂತೆ! ಓದಿ ಮೈಯೆಲ್ಲ ಉರಿಯಿತು. ಎಷ್ಟು ನಾಚಿಕೆಗೆಟ್ಟವನು ಎಂದು ಗಂಡನಿಗೆ ಓದಿ ಹೇಳಿದೆ. ಬೈಯುತ್ತ ಬೈಯುತ್ತ ನನಗೇ ತಿಳಿಯಿತು — ಇವನಿಗೂ ನನಗೂ ಏನು ವ್ಯತ್ಯಾಸ? ಇವನು ತನ್ನ ಸುಳ್ಳನ್ನು ಗುಲಾಬಿಯ ನಡುವೆ ಕೂತು ಬರೆದ. ನಾನು ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ಹೇಳಿದೆ.

ಡಬ್ಬಿ ಒಂದೇ. ಎಂಟನೇ ಕ್ಲಾಸು ಓದಿದ ಬ್ಯಾರಿ ಮಂಚದ ಕೆಳಗಿಟ್ಟರೆ ಕಳವು. ಇಂಗ್ಲಿಷ್ ಬಲ್ಲ ಮೈಸೂರಿನ ಹೆಂಗಸು ಇಸ್ತ್ರಿ ಮೇಜಿನ ಕೆಳಗಿಟ್ಟರೆ ಸಂಸ್ಕೃತಿ. ಈ ಲೆಕ್ಕ ಯಾರು ಮಾಡಿದ್ದೆಂದು ಕೂಗಾಡಬೇಕೆನಿಸುತ್ತದೆ. ಆದರೆ ಆ ಲೆಕ್ಕದ ಕೆಳಗೆ ಸಾಕ್ಷಿಯ ಸಹಿ ನನ್ನದು.

ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಬಿಟ್ಟೆನೇ? ಇಲ್ಲ. ಬಾಯಿ ಬಿಡಿಸಿದವಳು ಮೇಘನಾ. ಆಗ ಅವಳಿಗೆ ಹದಿನೈದು. ಶುಕ್ರವಾರದ ಕನ್ನಡ ಕ್ಲಾಸಿಗೆ ನಾನೇ ಬಲವಂತವಾಗಿ ಕಳಿಸುತ್ತಿದ್ದೆ. ಶಾಲೆಯಲ್ಲಿ ‘ನನ್ನ ತಾಯಿ’ ಎಂದು ಏನೋ ಪ್ರಾಜೆಕ್ಟು. ಅದಕ್ಕೆ ರಿಜಿಸ್ಟರಿನ ಫೋಟೋ ತೆಗೆಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ರಿಜಿಸ್ಟರ್ ಹಿಡಿದುಕೊಂಡೇ ಒಳಗೆ ಬಂದಳು.

“ಅಮ್ಮಾ, ದಿಸ್ ಈಸ್ ನಾಟ್ ಯುವರ್ ಹ್ಯಾಂಡ್‌ರೈಟಿಂಗ್.”

“ಹಳೇದು ಅದು. ಆಗ ಹಾಗೆ ಬರೀತಿದ್ದೆ.”

ಅವಳು ಕೊನೆಯ ಪುಟ ತೆಗೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ‘ಈ ಒಂ-ಬತ್ತು ಡಬ್ಬಿ… ಡೆ-ರೆಕ್ ಸಾ-ಹೇಬರು ಬಾಯಲ್ಲಿ ಹೇ-ಳಿ ನನಗೆ ಕೊಟ್ಟದ್ದು. ನಿ-ರ್ಮ-ಲಾ ಮೇ-ಡಂ ಎದು-ರಿಗೆ ಇದ್ದರು. ಅವರು ಸ-ತ್ಯ ಹೇಳುವವರು. ಅಬ್ಬಾಸ್.’

ಅವರು ಸತ್ಯ ಹೇಳುವವರು.

ಮೇಘನಾ ತಲೆಯೆತ್ತಿದಳು. “ನಿರ್ಮಲಾ ಮೇಡಂ, ದಟ್ಸ್ ಯೂ. ಹೂ ಈಸ್ ಅಬ್ಬಾಸ್?”

ಒಲೆ ಆರಿಸಿದೆ. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಕೊನೆಗೆ ಅವಳು, ಬಹಳ ದಿನಗಳ ಮೇಲೆ, ನನ್ನೊಡನೆ ಕನ್ನಡದಲ್ಲಿ ಒಂದು ವಾಕ್ಯ ಆಡಿದಳು. “ಅವರಿಗೆ ಹೇಳಮ್ಮ. ನಂಗಲ್ಲ.”

ಮರುದಿನ ನೈಫ್‌ಗೆ ಹೋದೆ. ಅಬ್ಬಾಸ್ ಭಾಯ್ ಜೊತೆ ಆ ರೂಮಿನಲ್ಲಿದ್ದ ಹಸನಬ್ಬ ಎಂಬವರು ಅಲ್ಲೊಂದು ಕಂಬಳಿ ಅಂಗಡಿ ಇಟ್ಟಿದ್ದಾರೆಂದು ಕೇಳಿ ಗೊತ್ತಿತ್ತು. ಹೆಸರು ಹೇಳಿ ಪರಿಚಯ ಮಾಡಿಕೊಂಡ ಕೂಡಲೇ ಅವರ ಮುಖ ಗಂಟಾಯಿತು.

“ಆ ಸೈನ್ ಹಾಕಿದ ಮೇಡಂ ನೀವಾ?”

“ಹೌದು.”

“ಪೇಪರಿನಲ್ಲಿ ಫೋಟೋ ಬಂದದ್ದೂ ನೀವೇ. ನೋಡಿದ್ದೇನೆ ಮಾರಾಯ್ರೆ. ಡಬ್ಬಿ ನೋಡಿದ ಕೂಡ್ಲೇ ನನಗೆ ಗುರ್ತ ಸಿಕ್ಕಿತು. ನಮ್ಮ ಮಂಚದ ಅಡಿಯ ಡಬ್ಬಿ ಅಲ್ವಾ?” ಅಂಗಡಿಗೆ ಬಂದಿದ್ದ ಗಿರಾಕಿಗಳು ತಿರುಗಿ ನೋಡಿದರು. ಅವರು ದನಿ ತಗ್ಗಿಸಲಿಲ್ಲ. ತಗ್ಗಿಸಬೇಕಾಗಿಯೂ ಇರಲಿಲ್ಲ. “ಊರಿನಲ್ಲಿ ಅವರ ಕತೆ ಗೊತ್ತುಂಟಾ ನಿಮಗೆ? ದುಬೈಯಿಂದ ಕದ್ದು ಬಂದವ ಅಂತಲೇ ಹೆಸರು. ತಮ್ಮನ ಅಂಗಡಿಯಲ್ಲಿ ಇದ್ದಾರೆ. ಅಕ್ಕಿ ತೂಗ್ಲಿಕ್ಕೆ, ಗೋಣಿ ಹೊರ್ಲಿಕ್ಕೆ ಆಗ್ತದೆ. ಗಲ್ಲಾದಲ್ಲಿ ಮಾತ್ರ ಕೂರಿಸುವುದಿಲ್ಲ. ಒಡಹುಟ್ಟಿದ ತಮ್ಮ, ಮೇಡಂ. ತಮ್ಮ!”

ಅವರೇ ಫೋನು ಹಚ್ಚಿ, ಬ್ಯಾರಿ ಭಾಷೆಯಲ್ಲಿ ಏನೋ ಹೇಳಿ, ನನ್ನ ಕೈಗೆ ಕೊಟ್ಟರು.

“ಅಬ್ಬಾಸ್ ಭಾಯ್, ನಾನು ನಿರ್ಮಲಾ.”

“ಹೇಳಿ ಮೇಡಂ.” ಅದೇ ದನಿ, ಸ್ವಲ್ಪ ಸೊರಗಿತ್ತು.

ಡಬ್ಬಿಗಳು ಉಳಿದಿವೆ ಎಂದೆ. ಲಂಡನ್ನಿಗೆ ತಲುಪಿವೆ, ನಿಮ್ಮ ಲಕೋಟೆಗಳನ್ನೂ ಸೇರಿಸಿ ಪೂರ್ತಿ ಮಾಡಿದ್ದಾರೆ, ಜನ ನೋಡುತ್ತಿದ್ದಾರೆ, ಆದರೆ ಹೆಸರು ನನ್ನದು ಬಂದಿದೆ, ಅದನ್ನು ತಿದ್ದಿಸುತ್ತೇನೆ, ಉಳಿಸಿದವರು ನೀವೆಂದು ಎಲ್ಲರಿಗೂ… ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು.

“ಒಂಬತ್ತೂ ಉಂಟಾ?”

“ಒಂಬತ್ತೂ ಇವೆ.”

“ಆಯ್ತು.” ಆಮೇಲೆ ದನಿ ಗಟ್ಟಿಯಾಯಿತು. ಆ ಮನುಷ್ಯ ಸಿಟ್ಟಾಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. “ಉಳಿಸಿದವ ಅಂತ ಹೆಸರು ನನಗೆ ಎಂತಕ್ಕೆ ಮೇಡಂ? ಅದನ್ನು ನೀವೇ ಇಟ್ಕೊಳ್ಳಿ. ಕಳ್ಳ ಅಂತ ಬರ್ದು ಸೈನ್ ಹಾಕಿದ್ರಲ್ಲ, ಅದನ್ನು ತೆಗೀರಿ. ನನಗೆ ಕಾಗದ ಬೇಕು. ಕನ್ನಡದಲ್ಲಿ ಬರೀರಿ, ನನ್ನ ತಮ್ಮ ಓದಬೇಕು. ಹನ್ನೊಂದು ವರ್ಷ ಆಯ್ತು. ನೀವು ಇಷ್ಟು ದಿನ ಎಲ್ಲಿದ್ರಿ?”

ಅಲ್ ನಹ್ದಾದಲ್ಲಿದ್ದೆ. ಉತ್ತರ ಅಷ್ಟೇ. ಹೇಳಲಿಲ್ಲ.

ಆ ವಾರವೇ ಮೂರು ಕಾಗದ ಬರೆದೆ. ಒಂದು ಡೆರೆಕ್‌ಗೆ, ಅವನು ಉತ್ತರಿಸಲಿಲ್ಲ. ಒಂದು, ಡಬ್ಬಿಗಳನ್ನು ಪಡೆದ ಲಂಡನ್ನಿನವರಿಗೆ, ನಡೆದದ್ದೆಲ್ಲ ಬರೆದು. ಅವರದು ತುಂಬ ಸಭ್ಯವಾದ ಉತ್ತರ. ನಿಮ್ಮ ಪ್ರಾಮಾಣಿಕತೆ ಮನಮುಟ್ಟಿತು, ಆದರೆ ಧಾರಾವಾಹಿಯ ಜೊತೆ ಕೊಡುವ ಪರಿಚಯ ಪುಸ್ತಿಕೆ ಈಗಾಗಲೇ ಮುದ್ರಣವಾಗಿದೆ, ಮುಂದಿನ ಮುದ್ರಣದಲ್ಲಿ ‘ಸ್ಥಳೀಯ ಸಿಬ್ಬಂದಿಯ ನೆರವಿನೊಂದಿಗೆ’ ಎಂದು ಸೇರಿಸಬಹುದು. ಸ್ಥಳೀಯ ಸಿಬ್ಬಂದಿ! ಕಳವಿನ ಕಾಗದದಲ್ಲಿ ಅಬ್ಬಾಸ್ ಭಾಯ್ ಅವರ ಪೂರ್ತಿ ಹೆಸರು, ತಂದೆಯ ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ಬೇಕಾಗಿತ್ತು. ಗೌರವದ ಪುಸ್ತಿಕೆಯಲ್ಲಿ ಮಾತ್ರ ಅವರು ಸಿಬ್ಬಂದಿ. ನಾನು ಮತ್ತೆ ಬರೆದೆ. ಮತ್ತೆ ಅದೇ ಸಭ್ಯತೆ. ಮತ್ತೂ ಬರೆಯುತ್ತಿದ್ದೇನೆ, ಹೆಸರು ಅಚ್ಚಾಗುವವರೆಗೆ ಬರೆಯುತ್ತೇನೆ. ಅಬ್ಬಾಸ್ ಭಾಯ್‌ಗೆ ಆ ಗೌರವ ಬೇಡದಿರಬಹುದು. ಆದರೆ ಅದು ನನ್ನದಲ್ಲ.

ಮೂರನೆಯದು ಕನ್ನಡದಲ್ಲಿ. ಅದಕ್ಕೇ ಹೆಚ್ಚು ದಿನ ಹಿಡಿಯಿತು. ‘ಅಬ್ಬಾಸ್ ಅವರು ಕದ್ದಿಲ್ಲ. ಮ್ಯಾನೇಜರ್ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಅವರು ಕದ್ದರೆಂಬ ಸುಳ್ಳು ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದೆ. ಆಮೇಲೆ ಅವೇ ಡಬ್ಬಿಗಳನ್ನು ಕದ್ದವಳು ನಾನು.’ ಸಂಘದ ಅಧ್ಯಕ್ಷರ ಬಳಿ ಹೋಗಿ ಶಾಲು ವಾಪಸು ಕೊಟ್ಟು, ಮುಂದಿನ ಸಭೆಯಲ್ಲಿ ಇದನ್ನು ಓದುತ್ತೇನೆ ಎಂದೆ. “ಯಾಕಮ್ಮಾ ಈಗ ಅದೆಲ್ಲ, ಸಂಘಕ್ಕೂ ಮುಜುಗರ” ಎಂದರು. ಮುಜುಗರವಂತೆ. ಹನ್ನೊಂದು ವರ್ಷ ಅಕ್ಕಿ ಗೋಣಿ ಹೊತ್ತವರಿಗೆ ಆದದ್ದಕ್ಕೆ ಇವರ ಬಳಿ ಯಾವ ಪದವಿದೆಯೋ. ಸಭೆಯಲ್ಲಿ ಓದಲು ಬಿಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದ ಬಂಟ್ವಾಳಕ್ಕೆ ತಲುಪಿದ ಸುದ್ದಿಯನ್ನು ಹಸನಬ್ಬನವರು ಹೇಳಿದರು. ತಮ್ಮ ಅದನ್ನು ಅಂಗಡಿಯಲ್ಲೇ, ಗಿರಾಕಿಗಳೆದುರು, ಗಟ್ಟಿಯಾಗಿ ಓದಿದನಂತೆ. ಓದಿ ಮುಗಿಸಿ, ಗಲ್ಲಾದಿಂದ ಎದ್ದು, ಅಣ್ಣನ ಕೈ ಹಿಡಿದು, ಬಾ ಇಲ್ಲಿ ಕೂರು ಎಂದನಂತೆ. ಅಬ್ಬಾಸ್ ಭಾಯ್ ಕೂರಲಿಲ್ಲ.

“ಹನ್ನೊಂದು ವರ್ಷ ನಿಂತದ್ದಾಯ್ತು. ಇನ್ನು ಕೂತು ಎಂತ ಮಾಡ್ಲಿಕ್ಕುಂಟು?” ಎಂದು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ತೂಕದ ಕಲ್ಲು ಎತ್ತಿದರಂತೆ.

ಕ್ಷಮಿಸಿ ಎಂದು ನಾನು ಆ ದಿನ ಫೋನಿನಲ್ಲಿ ಹೇಳಿದೆನೇ? ಎಷ್ಟು ನೆನಪಿಸಿಕೊಂಡರೂ ಗೊತ್ತಾಗುತ್ತಿಲ್ಲ. ಹೇಳಿದ್ದರೂ ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಕೇಳುವ ಹಕ್ಕು ನನಗಿಲ್ಲ.